ಟಿವಿಗೂ ಬೇಕು ಆಗ್ನೇಯ ಮೂಲೆ

ಯಾವುದೇ ಆನ್‌ಲೈನ್ ಅಂಗಡಿಯಲ್ಲಿ ‘ಇಂಡೋರ್ ಡಿಜಿಟಲ್ ಟಿವಿ ಆಂಟೆನಾ’ ಅಂತ ಹುಡುಕಿ ನೋಡಿ. ಕಾಗದದಷ್ಟು ತೆಳುವಾದ ಕಪ್ಪು ಹಾಳೆ, ಅದಕ್ಕೊಂದು ವೈರು. ಗೋಡೆಗೆ ಅಂಟಿಸಿ, ಟಿವಿಗೆ ಸಿಕ್ಕಿಸಿ, ಚಾನೆಲ್‌ಗಳು ಬಿಟ್ಟಿ ಬರುತ್ತವೆ ಅನ್ನೋ ಭರವಸೆ. ಕೆಳಗೆ ನೂರಾರು ಜನರ ಮೆಚ್ಚುಗೆ. ಯೂಟ್ಯೂಬ್ ತೆರೆದರೆ ಅಮೆರಿಕದವನೊಬ್ಬ ಕಿಟಕಿಗೆ ಅದನ್ನೇ ಅಂಟಿಸಿ ನಲವತ್ತು ಚಾನೆಲ್ ಎಣಿಸಿ ತೋರಿಸುತ್ತಿರುತ್ತಾನೆ. ತಿಂಗಳಾ ತಿಂಗಳಾ ರೀಚಾರ್ಜ್ ಮಾಡಿಸಿ ಬೇಸತ್ತವರಿಗೆ ಇದಕ್ಕಿಂತ ಆಸೆ ಹುಟ್ಟಿಸೋ ವಸ್ತು ಇನ್ನೊಂದಿಲ್ಲ.

ನಾನು ಶಹಾಪುರದವನು, ಕೆಲಸ ಯಾದಗಿರಿಯಲ್ಲಿ. ಮನೆಯಲ್ಲಿ, ಆಫೀಸಿನಲ್ಲಿ ‘ಇದೊಂದು ಸ್ವಲ್ಪ ನೋಡಪಾ’ ಅಂತ ವೈರು, ರಿಮೋಟು, ಬಾಕ್ಸು ನನ್ನ ಕೈಗೇ ಬರುತ್ತವೆ. ಹೋದ ವರ್ಷ ಸುರಪುರದಲ್ಲಿರೋ ನಮ್ಮ ಸೋದರತ್ತೆಯ ಮನೆಗೆ ಇಂಥದ್ದೊಂದು ಹಾಳೆ ಬಂತು. ಬೆಂಗಳೂರಿನಲ್ಲಿರೋ ಅವರ ಮಗ ಕಳಿಸಿದ್ದ. ಅತ್ತೆಗೆ ವಯಸ್ಸಾಗಿದೆ, ಮನೆಯಲ್ಲಿ ಒಬ್ಬರೇ. ಡಿಟಿಎಚ್ ಹಣ ಮುಗಿದಾಗಲೆಲ್ಲ ಮಗನಿಗೋ ನನಗೋ ಫೋನ್ ಮಾಡಬೇಕು. ಅದೇ ಅವರಿಗೆ ಸಂಕಟ. ‘ತಮ್ಮಾ, ಎರಡು ತಾಸು ಟಿವಿ ನೋಡೋದಕ್ಕ ಪ್ರತಿ ತಿಂಗಳ ನಿಮ್ಮ ಕೈ ನೋಡ್ಬೇಕಾ? ನಂಗ ಚಂದನ ಒಂದು ಬಂದ್ರ ಸಾಕು’ ಅಂದಿದ್ದರು.

ಹಾಳೆಯನ್ನ ಕಿಟಕಿಗೆ ಅಂಟಿಸಿದೆವು, ಮಾಡದ ಮೇಲಿಟ್ಟೆವು, ಮಾಳಿಗೆಗೂ ಒಯ್ದು ನೋಡಿದೆವು. ಟಿವಿ ಹುಡುಕಿ ಹುಡುಕಿ ಹೇಳಿದ್ದು ಒಂದೇ ಮಾತು: ಚಾನೆಲ್ ಸೊನ್ನೆ. ಮಾರಿದ ಅಂಗಡಿಗೆ ಬರೆದರೆ, ‘ಇನ್ನೂ ಎತ್ತರದಲ್ಲಿಟ್ಟು ನೋಡಿ, ಇಲ್ಲಾ ಬೂಸ್ಟರ್ ಕೊಳ್ಳಿ’ ಅನ್ನೋ ಸಿದ್ಧ ಉತ್ತರ ಬಂತು. ಬೂಸ್ಟರ್ ಕೊಂಡಿದ್ದರೂ ಏನೂ ಆಗುತ್ತಿರಲಿಲ್ಲ. ಯಾಕೆ ಅನ್ನೋದು ತಿಳಿದರೆ ನಿಮ್ಮ ಹಣವೂ ಉಳಿಯುತ್ತದೆ, ಊರಲ್ಲಿರೋ ನಿಮ್ಮವರ ಟಿವಿಯೂ ನಡೆಯುತ್ತದೆ.

ಹಾಳೆ ಸರಿ ಇದೆ, ಗೋಪುರವೇ ಇಲ್ಲ

ಆಂಟೆನಾ ಅನ್ನೋದು ಗಾಳಿಯಲ್ಲಿರೋ ಸಿಗ್ನಲ್ಲನ್ನ ಹಿಡಿದು ಕೊಡುತ್ತದೆ ಅಷ್ಟೇ, ತಾನಾಗಿ ಹುಟ್ಟಿಸೋದಿಲ್ಲ. ಮನೆಯೊಳಗಿನ ಆಂಟೆನಾ ಕೆಲಸ ಮಾಡಬೇಕಾದರೆ ಹತ್ತಿರದಲ್ಲೊಂದು ಗೋಪುರ ಇರಬೇಕು, ಆ ಗೋಪುರ ಡಿಜಿಟಲ್ ಟಿವಿ ಪ್ರಸಾರ ಮಾಡುತ್ತಿರಬೇಕು. ಅಮೆರಿಕದಲ್ಲಿ 2009ರಲ್ಲಿ, ಬ್ರಿಟನ್ನಿನಲ್ಲಿ 2012ರಲ್ಲಿ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಿ ಪೂರ್ತಿ ಡಿಜಿಟಲ್‌ಗೆ ಹೋದರು. ಅಲ್ಲಿ ಖಾಸಗಿ ವಾಹಿನಿಗಳೂ ಗೋಪುರದಿಂದಲೇ ಬರುತ್ತವೆ. ನಮ್ಮಲ್ಲಿ ಹಾಗಲ್ಲ. ಭಾರತದಲ್ಲಿ ನೆಲದ ಗೋಪುರದಿಂದ ಟಿವಿ ಪ್ರಸಾರ ಮಾಡುವುದು ದೂರದರ್ಶನ ಮಾತ್ರ. ಖಾಸಗಿ ವಾಹಿನಿಗಳೆಲ್ಲ ಉಪಗ್ರಹ, ಕೇಬಲ್, ಇಂಟರ್‌ನೆಟ್ ಮೂಲಕವೇ ಮನೆಗೆ ಬರಬೇಕು.

ದೂರದರ್ಶನ 2016ರ ಫೆಬ್ರುವರಿಯಲ್ಲಿ ಡಿವಿಬಿ-ಟಿ2 ಅನ್ನೋ ತಂತ್ರದಲ್ಲಿ 16 ನಗರಗಳಿಗೆ ಡಿಜಿಟಲ್ ಪ್ರಸಾರ ಆರಂಭಿಸಿತು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ. ಇನ್ನೊಂದು ಕಡೆ ಹಳೆಯ ಅನಲಾಗ್ ಗೋಪುರಗಳನ್ನ ಹಂತ ಹಂತವಾಗಿ ಮುಚ್ಚುತ್ತಾ ಬಂದು, ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ ಒಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ ಹೇಳಿತು. ಅಂದರೆ ನಮ್ಮ ಕಡೆ ಹಳೆಯದು ಹೋಯಿತು, ಅದರ ಜಾಗಕ್ಕೆ ಹೊಸ ಗೋಪುರ ಬರಲಿಲ್ಲ.

ಬೆಂಗಳೂರಿನ ಸಿಗ್ನಲ್ ಇಲ್ಲಿಗೆ ಬರಲ್ವಾ ಅಂತ ಕೇಳಬಹುದು. ಯಾದಗಿರಿಗೂ ಬೆಂಗಳೂರಿಗೂ ನೇರ ಗೆರೆ ಎಳೆದರೂ 400 ಕಿಲೋಮೀಟರಿಗಿಂತ ಹೆಚ್ಚು. ಟಿವಿ ಅಲೆಗಳು ಹೆಚ್ಚು ಕಡಿಮೆ ನೇರವಾಗಿ ಹೋಗುತ್ತವೆ, ಭೂಮಿ ಗುಂಡಗಿದೆ. 100 ಮೀಟರ್ ಎತ್ತರದ ಗೋಪುರದಿಂದ ಸಪಾಟು ನೆಲದ ಮೇಲೆ ಸುಮಾರು 40 ಕಿಲೋಮೀಟರಿಗೆ ದಿಗಂತ ಬಂದುಬಿಡುತ್ತದೆ. ಆಂಟೆನಾವನ್ನ ಮಾಳಿಗೆ ಮೇಲೆ ಕಂಬಕ್ಕೆ ಕಟ್ಟಿದರೆ ಇನ್ನೊಂದು ಹತ್ತು ಹನ್ನೆರಡು ಕಿಲೋಮೀಟರ್ ಸೇರೀತು. ಮೇಲಾಗಿ ಸುರಪುರ ಇರೋದೇ ಗುಡ್ಡಗಳ ಮಡಿಲಲ್ಲಿ. ಶಹಾಪುರದ ಪಕ್ಕದಲ್ಲಿ ಮಲಗಿದ ಬುದ್ಧನ ಬೆಟ್ಟ, ಯಾದಗಿರಿಯಲ್ಲಿ ಊರ ನೆತ್ತಿಯ ಮೇಲೇ ಕೋಟೆ ಗುಡ್ಡ. ಗುಡ್ಡದ ಹಿಂದೆ ಬಿಸಿಲು ಬೀಳದ ಹಾಗೆ ಗೋಪುರದ ಸಿಗ್ನಲ್ಲೂ ಬೀಳೋದಿಲ್ಲ.

ಬೂಸ್ಟರ್ ಮಾತು ಇಲ್ಲೇ ಮುಗಿಸಿಬಿಡ್ತೀನಿ. ಬೂಸ್ಟರ್ ತನ್ನ ಬಾಯಿಗೆ ಬಿದ್ದದ್ದನ್ನೆಲ್ಲ ದೊಡ್ಡದು ಮಾಡುತ್ತದೆ, ಗದ್ದಲವನ್ನೂ ಸೇರಿಸಿ. ಬಾವಿಯಲ್ಲಿ ನೀರಿಲ್ಲದಾಗ ಮೋಟರಿನ ಎಚ್‌ಪಿ ಹೆಚ್ಚಿಸಿದ ಹಾಗೆ ಅದು.

ಬೆಂಗಳೂರಿನಲ್ಲಿದ್ದರೆ ಆಟ ಬೇರೆ

ಈ ಲೇಖನ ಓದುತ್ತಿರೋ ನಮ್ಮ ಕಡೆಯವರಲ್ಲಿ ಅರ್ಧ ಜನ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿದ್ದೀರಿ ಅಂತ ಗೊತ್ತು. ನೀವು ಈ ಹಾಳೆ ಆಂಟೆನಾ ಪ್ರಯತ್ನಿಸಬಹುದು, ಆದರೆ ಲೆಕ್ಕ ಹಾಕಿ.

ಮೊದಲು ಟಿವಿಯ ವಿವರ ನೋಡಿ. ‘ಡಿಜಿಟಲ್ ಟ್ಯೂನರ್’ ಅಂತ ಬರೆದಿದ್ದರೆ ಸಾಲದು, ಡಿವಿಬಿ-ಟಿ2 ಅಂತಲೇ ಇರಬೇಕು. ಬರೀ ‘ಸಿ’ ಅಂದರೆ ಕೇಬಲ್‌ಗೆ, ‘ಎಸ್2’ ಅಂದರೆ ಉಪಗ್ರಹಕ್ಕೆ. ಎರಡನೆಯದು, ಆಂಟೆನಾ ಇಡೋ ಜಾಗ. ಗೋಪುರ ಇರೋ ದಿಕ್ಕಿನ ಕಿಟಕಿ, ಆದಷ್ಟು ಎತ್ತರ. ಕಬ್ಬಿಣದ ಗ್ರಿಲ್, ಬೀರು, ಫ್ರಿಜ್ಜು, ತಗಡಿನ ಸೂರು ಸಿಗ್ನಲ್ಲನ್ನ ತಡೆಯುತ್ತವೆ, ಇಲ್ಲಾ ಅಡ್ಡಾದಿಡ್ಡಿ ತಿರುಗಿಸುತ್ತವೆ. ಕಾಂಕ್ರೀಟಿನೊಳಗಿನ ಸರಳುಗಳೂ ಅದೇ ಕೆಲಸ ಮಾಡುತ್ತವೆ. ಟಿವಿ ಹಿಂದೆ, ವೈಫೈ ರೂಟರ್ ಪಕ್ಕ ಇಡಬೇಡಿ. ಒಂದು ಅಡಿ ಸರಿಸಿದರೂ ವ್ಯತ್ಯಾಸ ಬರುತ್ತದೆ. ಪ್ರತಿ ಸಲ ಸರಿಸಿದ ಮೇಲೂ ಮತ್ತೆ ಸ್ಕ್ಯಾನ್ ಮಾಡಿ. ಹತ್ತಿರದಲ್ಲಿದ್ದರೆ ಬೂಸ್ಟರ್ ತೆಗೆದು ನೋಡಿ. ಸಿಗ್ನಲ್ ಅತಿಯಾದರೂ ಟಿವಿ ಗೊಂದಲಕ್ಕೆ ಬೀಳುತ್ತದೆ.

ಅನಲಾಗ್ ಕಾಲದಲ್ಲಿ ಸಿಗ್ನಲ್ ಕಡಿಮೆ ಇದ್ದರೆ ಚುಕ್ಕಿ ಚುಕ್ಕಿಯಾದರೂ ಮುಖ ಕಾಣುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯ ಇಲ್ಲ. ಒಂದು ಮಟ್ಟದ ಮೇಲಿದ್ದರೆ ಕನ್ನಡಿಯ ಹಾಗೆ ಚಿತ್ರ. ಅದಕ್ಕಿಂತ ಸ್ವಲ್ಪ ಇಳಿದರೆ ಚೌಕ ಚೌಕ ಒಡೆದು, ಆಮೇಲೆ ಪೂರ್ತಿ ಕತ್ತಲೆ. ಹಾಗಾಗಿ ‘ಸ್ವಲ್ಪ ಬರ್ತಿದೆ, ಅಡ್ಜಸ್ಟ್ ಮಾಡ್ಕೋತೀನಿ’ ಅನ್ನೋದು ಇಲ್ಲಿ ನಡೆಯಲ್ಲ. ಇಷ್ಟೆಲ್ಲ ಮಾಡಿದರೂ ಸಿಗೋದು ದೂರದರ್ಶನದ ಕೆಲವು ವಾಹಿನಿಗಳಷ್ಟೇ ಅನ್ನೋದು ನೆನಪಿರಲಿ.

ನಮ್ಮ ನೆಲಕ್ಕೆ ಉಪಗ್ರಹ ಹೊಸದಲ್ಲ

ಗೋಪುರ ಇಲ್ಲ ಅಂತ ಬೇಜಾರಾಗೋ ಮೊದಲು ಒಂದು ಹಳೆಯ ಕಥೆ ಹೇಳಬೇಕು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಭಾಗದ ಹಳ್ಳಿಗಳು ಟಿವಿ ನೋಡಿದ್ದವು, ಅದೂ ನೇರ ಉಪಗ್ರಹದಿಂದ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ ‘ಸೈಟ್’ ಅನ್ನೋ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆ ಕೊಟ್ಟು, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಕೃಷಿ, ಆರೋಗ್ಯ, ಶಾಲೆಯ ಪಾಠಗಳ ಕಾರ್ಯಕ್ರಮ ತೋರಿಸಿದರು. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಊರಿಗೊಂದೇ ಟಿವಿ, ಅದರ ಮುಂದೆ ಊರೇ ನೆರೆಯುತ್ತಿತ್ತು. ಪ್ರಯೋಗ ಮುಗಿದ ಮರುವರ್ಷ, 1977ರಲ್ಲಿ, ಗುಲಬರ್ಗಾಕ್ಕೆ ದೂರದರ್ಶನದ ಗೋಪುರ ಬಂತು. ರಾಜಧಾನಿಗಿಂತ ನಾಲ್ಕು ವರ್ಷ ಮೊದಲು!

ಆಮೇಲಿನದು ನಿಮ್ಮ ಅಪ್ಪ ಅವ್ವ ಹೇಳಿರುತ್ತಾರೆ. 1987ರಲ್ಲಿ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಶುರುವಾಗೋ ಹೊತ್ತಿಗೆ ಒಬ್ಬ ಮಾಳಿಗೆ ಮೇಲೆ ಕಂಬ ಹಿಡಿದು ತಿರುಗಿಸೋದು, ಕೆಳಗಿನಿಂದ ಇನ್ನೊಬ್ಬ ‘ಬಂತು ಬಂತು, ಹೋತು ಹೋತು’ ಅಂತ ಕೂಗೋದು. ಆ ಆಟ ಈಗಲೂ ಇದೆ, ತಿರುಗಿಸೋದು ಮೀನಿನ ಮುಳ್ಳಿನಂಥ ಆಂಟೆನಾ ಬದಲು ಡಿಶ್ ಅಷ್ಟೇ.

ಆಗ್ನೇಯಕ್ಕೆ, 63 ಡಿಗ್ರಿ ಮೇಲಕ್ಕೆ

ಅತ್ತೆಯ ಮನೆಗೆ ನಾವು ಕೊನೆಗೆ ಹಾಕಿಸಿದ್ದು ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಅನ್ನೋ ಹೆಸರಲ್ಲಿ ಶುರುವಾದ ಪ್ರಸಾರ ಭಾರತಿಯ ಸೇವೆ ಇದು. ತಿಂಗಳ ಬಾಡಿಗೆ ಇಲ್ಲ. ಡಿಶ್, ಎಲ್‌ಎನ್‌ಬಿ, ಬಾಕ್ಸ್, ವೈರು ಎಲ್ಲ ಸೇರಿ ಸುಮಾರು 2000 ರೂಪಾಯಿ ಒಂದು ಸಲ ಹಾಕಿದರೆ ಮುಗೀತು. ಹಳೆಯ ಡಿಟಿಎಚ್ ಡಿಶ್ ಮಾಳಿಗೆ ಮೇಲೆ ಸುಮ್ಮನೆ ಬಿದ್ದಿದ್ದರೆ ಇನ್ನೂ ಅಗ್ಗ, ಬಾಕ್ಸ್ ಒಂದು ಕೊಂಡು ಡಿಶ್ ತಿರುಗಿಸಿದರಾಯಿತು.

ಇದರ ಸಿಗ್ನಲ್ ಬರೋದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿದ ಇಸ್ರೋ ಉಪಗ್ರಹ. ಭೂಮಧ್ಯ ರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಯಾದಗಿರಿ ಇರೋದು 77 ಡಿಗ್ರಿಯಲ್ಲಿ. ಈ ಎರಡನ್ನಿಟ್ಟು ಲೆಕ್ಕ ಹಾಕಿದರೆ ಡಿಶ್ ನೋಡಬೇಕಾದ ದಿಕ್ಕು ಉತ್ತರದಿಂದ 134 ಡಿಗ್ರಿ, ಹೆಚ್ಚು ಕಡಿಮೆ ಸರಿಯಾಗಿ ಆಗ್ನೇಯ. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆ ಮೂಲೆ! ಎತ್ತರ ನೆಲದಿಂದ ಸುಮಾರು 63 ಡಿಗ್ರಿ. ಶಹಾಪುರ, ಸುರಪುರಕ್ಕೆ ಒಂದು ಡಿಗ್ರಿ ಆಚೀಚೆ, ಅಷ್ಟೇ.

63 ಡಿಗ್ರಿ ಅಂದರೆ ನೆತ್ತಿಗೆ ಹತ್ತಿರ. ನಮ್ಮ ಗುಡ್ಡದ ಊರುಗಳಿಗೆ ಇದೇ ವರ. ಗೋಪುರದ ಸಿಗ್ನಲ್ಲಿಗೆ ಅಡ್ಡ ನಿಲ್ಲೋ ಬೆಟ್ಟ ಇಷ್ಟು ಮೇಲಿನಿಂದ ಬರೋ ಸಿಗ್ನಲ್ಲಿಗೆ ಅಡ್ಡ ಬರೋದಿಲ್ಲ. ಡಿಶ್‌ಗಿಂತ 20 ಅಡಿ ಎತ್ತರದ ಗೋಡೆ ಅಥವಾ ಬೇವಿನ ಮರ ಆಗ್ನೇಯ ದಿಕ್ಕಿನಲ್ಲಿ 10 ಅಡಿಗಿಂತ ಹತ್ತಿರ ಇದ್ದರೆ ಮಾತ್ರ ತೊಂದರೆ. ಎತ್ತರದ ಅರ್ಧದಷ್ಟು ದೂರ ಬಿಟ್ಟರೆ ಸಾಕು ಅಂತ ನೆನಪಿಟ್ಟುಕೊಳ್ಳಿ.

ನೋಡಿಕೊಳ್ಳೋಕೆ ಒಂದು ಸುಲಭ ಉಪಾಯ ಇದೆ. ಮಾರ್ಚ್ ಎರಡನೇ ವಾರದ ಕೊನೆಗೆ ಮತ್ತು ಸೆಪ್ಟೆಂಬರ್ ಕೊನೆಗೆ, ಬೆಳಿಗ್ಗೆ 11ರ ಆಸುಪಾಸು, ನಮ್ಮೂರಿಂದ ನೋಡಿದರೆ ಸೂರ್ಯ ಈ ಉಪಗ್ರಹದ ಹಿಂದೆಯೇ ಬಂದು ನಿಲ್ಲುತ್ತಾನೆ. ಆ ಹೊತ್ತಿಗೆ ಡಿಶ್ ಮೇಲೆ ಬಿಸಿಲಿದ್ದರೆ ದಾರಿ ಖುಲ್ಲಾ. ಮರದ ನೆರಳಿದ್ದರೆ ಜಾಗ ಬದಲಿಸಿ. ಆ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಒಡೆದರೆ ಬಾಕ್ಸ್ ಕೆಟ್ಟಿತು ಅಂತ ಮೆಕ್ಯಾನಿಕ್ ಕರೆಸಬೇಡಿ, ಅದು ಸೂರ್ಯನ ಗದ್ದಲ. ತಾನಾಗಿ ಸರಿಹೋಗುತ್ತದೆ.

ಮಾಳಿಗೆ ಹತ್ತಿದ ಮೇಲೆ

ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಎಂಟು ಗಂಟೆಯೊಳಗೆ ಕೆಲಸ ಮುಗಿಸಿಕೊಳ್ಳಿ. ಒಬ್ಬರು ಮೇಲೆ, ಒಬ್ಬರು ಟಿವಿ ಮುಂದೆ. ಈಗ ಕೂಗೋದು ಬೇಕಿಲ್ಲ, ವಿಡಿಯೊ ಕಾಲ್ ಮಾಡಿ ಟಿವಿಯನ್ನೇ ಮಾಳಿಗೆಗೆ ತಂದುಕೊಳ್ಳಬಹುದು.

ಮೊದಲು ಕಂಬ. ಅದು ಎಲ್ಲ ಕಡೆಯಿಂದಲೂ ನೆಟ್ಟಗಿರಬೇಕು. ಕಂಬ ವಾಲಿದರೆ ಮುಂದಿನ ಯಾವ ಲೆಕ್ಕವೂ ಕೂಡೋದಿಲ್ಲ. ಗೋಡೆಗೆ ಹೊಡೆಯೋ ಬೋಲ್ಟ್ ಗಟ್ಟಿಯಿರಲಿ. ಗಾಳಿಗಷ್ಟೇ ಅಲ್ಲ, ಮಂಗಗಳಿಗೂ ತಡೀಬೇಕು.

ಎರಡು, ದಿಕ್ಕು. ಫೋನಿನ ದಿಕ್ಸೂಚಿ ತೆರೆದು 134 ಹುಡುಕಿ. ಕಬ್ಬಿಣದ ಕಂಬ, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಹತ್ತಿರ ಫೋನ್ ಹಿಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ದಿಕ್ಕು ಗುರುತು ಮಾಡಿ, ಆ ಗೆರೆಯಲ್ಲಿ ಕಾಣೋ ಮರವನ್ನೋ ಗುಡಿಯ ಶಿಖರವನ್ನೋ ಗುರಿ ಇಟ್ಟುಕೊಳ್ಳಿ.

ಮೂರು, ಎತ್ತರ. ಇಲ್ಲಿ ಬಹಳ ಜನ ಎಡವುತ್ತಾರೆ. ಮನೆಗಳಿಗೆ ಹಾಕೋ ಡಿಶ್‌ನಲ್ಲಿ ಎಲ್‌ಎನ್‌ಬಿ ನಟ್ಟನಡುವೆ ಇರೋದಿಲ್ಲ, ಕೆಳಗಿನಿಂದ ಬಂದಿರುತ್ತದೆ. ಹಾಗಾಗಿ ಡಿಶ್‌ನ ಮುಖ ಎಲ್ಲಿ ನೋಡಿದಂತೆ ಕಾಣುತ್ತದೋ ಅದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲೆ ಅದರ ನಿಜವಾದ ನೋಟ. 63 ಬೇಕಿದ್ದರೆ ಮುಖ ಸುಮಾರು 40 ಡಿಗ್ರಿ ಮೇಲಕ್ಕೆತ್ತಿದಂತೆ ಕಂಡರೆ ಸರಿ. ಹಿಂದಿನ ಬ್ರ್ಯಾಕೆಟ್ ಮೇಲೆ ಅಂಕಿ ಕೊರೆದಿದ್ದರೆ ಅದನ್ನೇ ನಂಬಿ.

ನಾಲ್ಕು, ಬಾಕ್ಸ್‌ನ ಸಿಗ್ನಲ್ ಪುಟ. ಅಲ್ಲಿ ಎರಡು ಪಟ್ಟಿ ಇರುತ್ತವೆ: ಸ್ಟ್ರೆಂಗ್ತ್, ಕ್ವಾಲಿಟಿ. ಸ್ಟ್ರೆಂಗ್ತ್ ಏರಿದೆ ಅಂದರೆ ವೈರು, ಎಲ್‌ಎನ್‌ಬಿ ಜೀವಂತ ಇವೆ ಅಂತ ಅಷ್ಟೇ ಅರ್ಥ. ಡಿಶ್ ಹೊಲದ ಕಡೆ ನೋಡುತ್ತಿದ್ದರೂ ಅದು ಏರಿರುತ್ತದೆ. ಸರಿಯಾದ ಉಪಗ್ರಹ ಸಿಕ್ಕಿತು ಅಂತ ಹೇಳೋದು ಕ್ವಾಲಿಟಿ ಪಟ್ಟಿ ಮಾತ್ರ. ಬಾಕ್ಸ್‌ನಲ್ಲಿ ಉಪಗ್ರಹ ಜಿಸ್ಯಾಟ್-15, ಎಲ್‌ಎನ್‌ಬಿ ಯೂನಿವರ್ಸಲ್, ಅಂದರೆ 9750/10600, ಅಂತ ಆರಿಸಿಕೊಳ್ಳಿ.

ಐದು, ನಿಧಾನ. 60 ಸೆಂಟಿಮೀಟರ್ ಡಿಶ್‌ನ ನೋಟ ಮೂರು ಡಿಗ್ರಿಯಷ್ಟೇ ಅಗಲ. ಒಂದು ಬೆರಳಿನಷ್ಟು ಸರಿಸಿ, ಐದು ಸೆಕೆಂಡ್ ಕಾಯಿರಿ. ಬಾಕ್ಸ್‌ಗೆ ಗುರುತಿಸೋಕೆ ಹೊತ್ತು ಬೇಕು. ಎಡದಿಂದ ಬಲಕ್ಕೆ ಒಂದು ಸುತ್ತು, ಸಿಗದಿದ್ದರೆ ಎತ್ತರ ಒಂದು ಡಿಗ್ರಿ ಬದಲಿಸಿ ಮತ್ತೊಂದು ಸುತ್ತು. ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನ ಅದರ ಹಿಡಿಯಲ್ಲೇ ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊರಳಿಸಿ, ಪಟ್ಟಿ ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲಿ ಬಿಗಿ ಮಾಡಿ. ಬೋಲ್ಟ್ ಬಿಗಿ ಮಾಡುವಾಗ ಡಿಶ್ ಸರಿಯದಂತೆ ಇನ್ನೊಂದು ಕೈ ಇರಲಿ.

ಕೊನೆಗೆ ವೈರು. ತುದಿಯ ಪಿನ್ನಿನ ಹತ್ತಿರ ಜಾಲರಿಯ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಟಿವಿ ಕತ್ತಲೆ. ಎಲ್‌ಎನ್‌ಬಿ ಹತ್ತಿರ ವೈರನ್ನ ಕೆಳಕ್ಕೆ ಒಂದು ಬಳಸು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಪಿನ್ನಿನೊಳಗೆ ಇಳಿಯೋದಿಲ್ಲ. ಗುಡುಗು ಸಿಡಿಲಿನ ಹೊತ್ತಲ್ಲಿ ಬಾಕ್ಸ್‌ನ ಪ್ಲಗ್ ತೆಗೆಯಲು ಮನೆಯವರಿಗೆ ಹೇಳಿಡಿ. ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ಚಿತ್ರ ಹೋದರೆ ಅದು ದೋಷ ಅಲ್ಲ. ಈ ಅಲೆಗಳ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆ, ದಟ್ಟ ಮಳೆ ಅವನ್ನ ಹೀರಿಬಿಡುತ್ತದೆ.

ಏನು ಸಿಗುತ್ತದೆ, ಏನು ಸಿಗೋದಿಲ್ಲ

ಹಾಕಿಸೋ ಮೊದಲು ಮನೆಯವರಿಗೆ ನಿಜ ಹೇಳಿಬಿಡಿ. ಚಂದನ ಸಿಗುತ್ತದೆ. ದೂರದರ್ಶನದ ಉಳಿದ ವಾಹಿನಿಗಳು, ಶಾಲಾ ಮಕ್ಕಳ ಶೈಕ್ಷಣಿಕ ವಾಹಿನಿಗಳು, ಸುದ್ದಿ, ಆಕಾಶವಾಣಿಯೂ ಇವೆ. ಖಾಸಗಿ ವಾಹಿನಿಗಳಲ್ಲಿ ಮಾತ್ರ ಹಿಂದಿಯದೇ ಮೇಲುಗೈ. ಸಂಜೆ ಹೊತ್ತಿನ ಖಾಸಗಿ ಕನ್ನಡ ಧಾರಾವಾಹಿ ತಪ್ಪಿದರೆ ನಿಮ್ಮ ಅವ್ವನ ಊಟ ರುಚಿಸೋದಿಲ್ಲ ಅಂದರೆ ಫ್ರೀ ಡಿಶ್ ಒಂದರಿಂದ ಮನೆ ಶಾಂತವಾಗಿರೋದಿಲ್ಲ. ಆಗ ಡಿಟಿಎಚ್‌ನಲ್ಲಿ ಬೇಕಾದ ವಾಹಿನಿಗಳನ್ನಷ್ಟೇ ಆರಿಸಿಕೊಂಡು ಬಿಲ್ಲು ಇಳಿಸೋದು ಒಳ್ಳೆಯದು. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ನಡೆಯುವಂಥದ್ದನ್ನೇ ಕೇಳಿ, ಹಳೆಯ ಬಾಕ್ಸ್‌ಗಳಲ್ಲಿ ಕೆಲವು ವಾಹಿನಿ ಕಾಣೋದಿಲ್ಲ. ಹೊಸ ಟಿವಿ ಕೊಳ್ಳೋರು ಒಳಗೇ ಉಪಗ್ರಹ ಟ್ಯೂನರ್ ಇದೆಯಾ ಅಂತ ವಿಚಾರಿಸಿ. ಇದ್ದರೆ ಬಾಕ್ಸೂ ಬೇಡ, ಎರಡನೇ ರಿಮೋಟೂ ಬೇಡ.

‘ಇದೆಲ್ಲ ಯಾಕೆ, ಫೋನ್ ಇದೆಯಲ್ಲ’ ಅನ್ನೋರೂ ಇದ್ದೀರಿ. ಇಂಟರ್‌ನೆಟ್ಟೇ ಇಲ್ಲದೆ, ಗೋಪುರದಿಂದ ನೇರ ಫೋನಿಗೆ ಟಿವಿ ಕಳಿಸೋ ಡಿ2ಎಂ ಪ್ರಯೋಗ ಬೆಂಗಳೂರಿನಲ್ಲಿ, ದೆಹಲಿ-ನೊಯ್ಡಾದಲ್ಲಿ ನಡೆದಿದೆ. ಅದು ಬಂದರೆ ಒಳ್ಳೆಯದೇ. ಆದರೆ ಅದಕ್ಕೂ ಗೋಪುರ ಬೇಕು, ಅದನ್ನ ಹಿಡಿಯೋ ಚಿಪ್ ಇರುವ ಫೋನ್ ಬೇಕು. ಅಲ್ಲಿಯವರೆಗೆ, ಕಣ್ಣು ಮಂಜಾದವರಿಗೆ ಆರಿಂಚಿನ ಪರದೆಯಲ್ಲಿ ವಾರ್ತೆ ನೋಡು ಅನ್ನೋದು ಉಪಕಾರ ಅಲ್ಲ.

ಊರಿಗೆ ಹೋದಾಗ ಇದಕ್ಕೆ ಒಂದು ಬೆಳಿಗ್ಗೆ ಸಾಕು. ಕೆಲಸ ಮುಗಿಸಿ ಬಸ್ ಹತ್ತೋ ಮೊದಲು ಇನ್ನೆರಡು ಮಾಡಿ. ಡಿಶ್‌ನ ಬ್ರ್ಯಾಕೆಟ್ ಮೇಲೆ, ಕಂಬದ ಮೇಲೆ ಪೇಂಟಿನಿಂದ ಒಂದೊಂದು ಗೆರೆ ಎಳೆಯಿರಿ. ಮಂಗ ಅಲುಗಾಡಿಸಿದರೂ ಪಕ್ಕದ ಮನೆ ಹುಡುಗ ಗೆರೆಗೆ ಗೆರೆ ಕೂಡಿಸಿ ಸರಿಮಾಡುತ್ತಾನೆ. ಆಮೇಲೆ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿ: ಯಾವ ರಿಮೋಟ್‌ನ ಯಾವ ಗುಂಡಿ ಮೊದಲು, ಚಂದನ ಎಷ್ಟನೇ ನಂಬರು, ಚಿತ್ರ ಹೋದರೆ ಏನು ಮಾಡಬೇಕು. ನಾಲ್ಕೇ ಸಾಲು ಇರಲಿ. ನಾವು ಬರೆದ ಚೀಟಿ ಓದಿ ಅತ್ತೆ ಅಂದದ್ದು ಇಷ್ಟೇ: ‘ಇದರಾಗ ನಿನ್ನ ಫೋನ್ ನಂಬರ್ ಯಾಕ ಬರ್ದಿ? ಟಿವಿ ಸಲುವಾಗಿ ಇನ್ನ ನಿನಗ ಫೋನ್ ಹಚ್ಚಂಗಿಲ್ಲ. ಹಂಗೇ ಮಾತಾಡ್ಲಿಕ್ಕ ಹಚ್ತೀನಿ.’